ಹಳೆಯ ಮಿಲಿಟರಿ ಪಿಸ್ತೂಲಿಗೆ ಹೊಸ ಹೊಳಪು ಕೊಟ್ಟರೆ ಬೆಲೆ ಏರುತ್ತದೆಯೇ?

ಕಾಪುವಿನ ಹತ್ತಿರವಿರುವ ನನ್ನ ಅಕ್ಕನ ಗಂಡನ ಮನೆಯ ಒಳಕೋಣೆಯಲ್ಲಿ, ಬೀಗ ಹಾಕಿದ ಉಕ್ಕಿನ ಕಪಾಟಿನೊಳಗೆ, ಒಂದು ಹಳೆಯ ವೆಬ್ಲಿ ರಿವಾಲ್ವರ್ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದ ಭಾವನ ಅಜ್ಜ ಅದನ್ನು ಕ್ರಮಬದ್ಧವಾಗಿ ಪಡೆದು ಊರಿಗೆ ತಂದವರು. ಅವರ ಬಳಿಕ ಲೈಸೆನ್ಸ್ ಮಗನಿಗೆ ಬಂತು, ಮಗನಿಂದ ಮೊಮ್ಮಗನಿಗೆ ಬಂತು. ಕಳೆದ ಮಳೆಗಾಲ ಮುಗಿದು ನವರಾತ್ರಿಯ ಆಯುಧಪೂಜೆಗೆಂದು ಅದನ್ನು ಹೊರಗೆ ತೆಗೆದಾಗ ನಳಿಗೆಯ ಬದಿಯಲ್ಲಿ ಕಂದು ಚುಕ್ಕೆಗಳು ಎದ್ದಿದ್ದವು, ಹಿಡಿಕೆಯ ಮೇಲ್ಭಾಗದಲ್ಲಿ ಕಪ್ಪು ಬಣ್ಣ ಸವೆದು ಬೂದು ಉಕ್ಕು ಕಾಣುತ್ತಿತ್ತು. ಬೈಕಂಪಾಡಿಯಲ್ಲಿ ಲೋಹದ ಲೇಪನದ ಕೆಲಸದಲ್ಲೇ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದವನು ನಾನಾದ್ದರಿಂದ ಭಾವ ನನ್ನನ್ನೇ ಕೇಳಿದರು: “ಇದನ್ನೊಮ್ಮೆ ಒಳ್ಳೆಯ ಕಡೆ ಕೊಟ್ಟು ಪಾಲಿಶ್ ಹೊಡೆಸಿ ಕಪ್ಪು ಬಣ್ಣ ಹಾಕಿಸಿದರೆ ಹೇಗೆ ಮಾರಾಯ? ನೋಡಲಿಕ್ಕೂ ಚೆಂದ, ನಾಳೆ ಯಾರಾದರೂ ಸಂಗ್ರಹ ಮಾಡುವವರು ಕೇಳಿದರೆ ಬೆಲೆಯೂ ಹೆಚ್ಚು ಬಂದೀತಲ್ಲ?”

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಏರುವುದಿಲ್ಲ, ಇಳಿಯುತ್ತದೆ. ಹಳೆಯ ಮಿಲಿಟರಿ ಪಿಸ್ತೂಲುಗಳನ್ನು ಸಂಗ್ರಹಿಸುವವರ ನಡುವೆ, ಮೂಲ ಲೇಪ ಉಳಿದಿರುವ ಒಂದು ಪಿಸ್ತೂಲಿಗೆ ಹೊಸ ಲೇಪ ಕೊಡಿಸಿದರೆ ಅದರ ಬೆಲೆ ಅರ್ಧಕ್ಕೆ, ಎಷ್ಟೋ ಸಲ ಅರ್ಧಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. (ರಿವಾಲ್ವರ್ ಬೇರೆ, ತಾನಾಗಿ ತೋಟಾ ತುಂಬಿಕೊಳ್ಳುವ ಪಿಸ್ತೂಲು ಬೇರೆ ಎಂಬುದು ನಿಜವಾದರೂ ಲೇಪದ ಮಟ್ಟಿಗೆ ಎರಡಕ್ಕೂ ಒಂದೇ ನ್ಯಾಯವಾದ್ದರಿಂದ ಇಲ್ಲಿ ಎರಡನ್ನೂ ಜೊತೆಯಾಗಿಯೇ ನೋಡುತ್ತೇನೆ.) ನಮ್ಮ ಕಡೆಯವರಿಗೆ ಈ ಮಾತು ಉಲ್ಟಾ ಎನಿಸುವುದು ಸಹಜ. ಹಬ್ಬ ಬಂತೆಂದರೆ ಹುಣಸೆಹುಳಿ ಹಾಕಿ ಕಂಚಿನ ದೀಪ ಬೆಳಗುವುದು, ದೈವದ ನೇಮಕ್ಕೆ ಮೊದಲು ಭಂಡಾರದ ಕಡ್ಸಲೆ ಎಂಬ ಕತ್ತಿ ಮತ್ತು ಗಂಟೆಗಳನ್ನು ತಿಕ್ಕಿ ಥಳಥಳಿಸುವಂತೆ ಮಾಡುವುದು ನಮಗೆ ಭಕ್ತಿಯ ಭಾಗ. ಪೂಜೆಗೆ ಒದಗುವ ವಸ್ತುವಿಗೆ ಹೊಳಪು ಗೌರವ ತರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಗ್ರಹಕಾರನು ಹಳೆಯ ಆಯುಧವನ್ನು ನೋಡುವುದು ಹಳೆಯ ಕಡತವನ್ನು ನೋಡುವ ಹಾಗೆ. ಕಡತದ ಹಾಳೆ ಹಳದಿಯಾಗಿದೆಯೆಂದು ಅದನ್ನು ಬಿಳಿ ಹಾಳೆಯಲ್ಲಿ ಮತ್ತೆ ಬರೆಸಿ ಮೂಲವನ್ನು ಹರಿದು ಹಾಕಿದರೆ ಉಳಿಯುವುದು ಏನು ಎಂಬುದೇ ಅವನ ಪ್ರಶ್ನೆ.

ಇದು ಅರ್ಥವಾಗಬೇಕಾದರೆ ಆ ಕಪ್ಪು ಬಣ್ಣ ಏನೆಂಬುದು ಗೊತ್ತಿರಬೇಕು. ಬಂದೂಕಿನ ಕೆಲಸದವರು ಬ್ಲೂಯಿಂಗ್ ಎಂದು ಕರೆಯುವ ಆ ಕಪ್ಪು-ನೀಲಿ ಮೇಲ್ಮೈ, ಪೇಂಟಿನಂತೆ ಹೊರಗಿನಿಂದ ಬಳಿದ ಪದಾರ್ಥವಲ್ಲ. ಉಕ್ಕಿನ ಮೇಲ್ಪದರವೇ ಆಮ್ಲಜನಕದೊಡನೆ ಸೇರಿ ಬೇರೆ ರೂಪ ತಾಳಿದ್ದು ಅದು. ಕೆಂಪು ತುಕ್ಕು ಕೂಡ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತವೇ ಆದರೂ ಅದು ಉಬ್ಬಿ, ಸಡಿಲವಾಗಿ, ನೀರನ್ನು ಹಿಡಿದಿಟ್ಟುಕೊಂಡು ತನ್ನ ಕೆಳಗಿನ ಉಕ್ಕನ್ನು ತಿನ್ನುತ್ತಲೇ ಹೋಗುತ್ತದೆ. ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಹಾಗಲ್ಲ, ಅದು ಉಕ್ಕಿಗೆ ಗಟ್ಟಿಯಾಗಿ ಅಂಟಿ ಕುಳಿತು, ಎಣ್ಣೆಯ ಜೊತೆ ಸೇರಿದಾಗ ಮುಂದಿನ ತುಕ್ಕನ್ನು ಒಂದು ಮಟ್ಟಕ್ಕೆ ತಡೆಯುತ್ತದೆ. ಈ ಪದರದ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನಪಿಟ್ಟುಕೊಂಡರೆ, ಸಂಗ್ರಹಕಾರರು ಕಾಪಾಡಲು ಇಷ್ಟೊಂದು ಹೆಣಗುವ ಪದರ ಎಷ್ಟು ತೆಳ್ಳಗಿನದು ಎಂಬುದು ತಿಳಿದೀತು.

ಈ ಕಪ್ಪನ್ನು ತರಿಸುವ ದಾರಿಗಳು ಹಲವು, ಮತ್ತು ಪ್ರತಿಯೊಂದಕ್ಕೂ ಅದರದೇ ಆದ ಕಾಲವಿದೆ. ಹಳೆಯ ಪದ್ಧತಿಯಲ್ಲಿ ಉಕ್ಕಿಗೆ ಆಮ್ಲದ ದ್ರಾವಣ ಸವರಿ, ತೇವದ ಪೆಟ್ಟಿಗೆಯಲ್ಲಿಟ್ಟು, ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸುತ್ತಾರೆ. ಬಳಿಕ ಅದನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದಾಗ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಮೇಲಿನ ಸಡಿಲ ಪುಡಿಯನ್ನು ಮೆತ್ತಗಿನ ತಂತಿಬ್ರಷ್ಷಿನಿಂದ ತೆಗೆದು ಮತ್ತೆ ದ್ರಾವಣ, ಮತ್ತೆ ತುಕ್ಕು, ಮತ್ತೆ ಕುದಿತ. ಹೀಗೆ ಹಲವು ಸುತ್ತು ಮಾಡಿದ ಮೇಲೆ ಬರುವ ಬಣ್ಣದಲ್ಲಿ ಒಂದು ಮೃದುವಾದ, ಆಳವಾದ ಹೊಳಪಿರುತ್ತದೆ. ಇದು ದಿನಗಟ್ಟಲೆಯ ಕೆಲಸ. ಅದರ ಬದಲಿಗೆ ಬಂದದ್ದು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಬಿಸಿ ದ್ರಾವಣ. ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಆ ತೊಟ್ಟಿಯಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಇಡೀ ಪಿಸ್ತೂಲು ಕಪ್ಪಾಗುತ್ತದೆ, ಯುದ್ಧಕಾಲದ ಕಾರ್ಖಾನೆಗೆ ಬೇಕಾದದ್ದು ಅದೇ ವೇಗ. ಇವಲ್ಲದೆ ಚಿಕ್ಕ ಭಾಗಗಳನ್ನು ಬರಿದೇ ಕಾಯಿಸಿ ಹೊಂಬಣ್ಣವನ್ನೋ ನೀಲಿಯನ್ನೋ ಬರಿಸುವ ರೀತಿಯಿದೆ. ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ ಬೂದು ಬಣ್ಣದ, ಸ್ವಲ್ಪ ತರಿತರಿಯಾದ, ಎಣ್ಣೆಯನ್ನು ಚೆನ್ನಾಗಿ ಹೀರಿಕೊಳ್ಳುವ ಪದರ ಕೊಡುವ ಪಾರ್ಕರೈಸಿಂಗ್ ಇದೆ. ಕೊನೆಯದಾಗಿ, ಬಾಟಲಿಯಲ್ಲಿ ಬರುವ ಕೋಲ್ಡ್ ಬ್ಲೂ ಇದೆ. ಸೆಲೆನಿಯಂ ಮತ್ತು ತಾಮ್ರದ ಸಂಯುಕ್ತಗಳಿಂದ ಉಕ್ಕನ್ನು ಕಪ್ಪಾಗಿಸುವ ಅದು ನೋಡಲಿಕ್ಕೆ ಮಾತ್ರ ಬ್ಲೂಯಿಂಗ್, ಗುಣದಲ್ಲಿ ಅದಕ್ಕೆ ಸಾಟಿಯಲ್ಲ. ಬೇಗ ಸವೆಯುತ್ತದೆ, ಒಂದು ವಿಚಿತ್ರ ವಾಸನೆಯನ್ನೂ ಉಳಿಸುತ್ತದೆ.

ಹೀಗಿರುವುದರಿಂದ ಲೇಪವೇ ಒಂದು ತಾರೀಖು. 1908ರಲ್ಲಿ ಜರ್ಮನ್ ಸೇನೆ ಸ್ವೀಕರಿಸಿದ ಲೂಗರ್ ಪಿಸ್ತೂಲನ್ನು ತೆಗೆದುಕೊಳ್ಳಿ. ಬಹುಕಾಲ ಅದರ ದೊಡ್ಡ ಭಾಗಗಳಿಗೆ ತುಕ್ಕು ಹಿಡಿಸಿ ಕುದಿಸುವ ನಿಧಾನದ ಬ್ಲೂಯಿಂಗ್ ಕೊಡುತ್ತಿದ್ದರು. ಕುದುರೆ, ಅಂದರೆ ಟ್ರಿಗರ್, ಸೇಫ್ಟಿ ಮುಂತಾದ ಚಿಕ್ಕ ಭಾಗಗಳನ್ನು ಕಾಯಿಸಿ ಒಣಹುಲ್ಲಿನಂತಹ ಹೊಂಬಣ್ಣ ಬರಿಸುತ್ತಿದ್ದರು. ಲೂಗರ್ ತಯಾರಿಸುತ್ತಿದ್ದ ಮೌಸರ್ ಕಾರ್ಖಾನೆ 1937ರ ಸುಮಾರಿಗೆ ಬಿಸಿ ಲವಣದ ಪದ್ಧತಿಗೆ ಹೊರಳಿದ ಮೇಲೆ ಚಿಕ್ಕ ಭಾಗಗಳೂ ಕಪ್ಪಾದವು. ಆದ್ದರಿಂದ 1917 ಎಂದು ಮುದ್ರೆಯಿರುವ ಒಂದು ಲೂಗರಿನ ಟ್ರಿಗರ್ ಕಪ್ಪಾಗಿದ್ದರೆ, ಉಳಿದೆಲ್ಲ ಎಷ್ಟೇ ಸೊಗಸಾಗಿ ಕಂಡರೂ, ಯಾರೋ ಅದನ್ನು ಆಮೇಲೆ ತೊಟ್ಟಿಗೆ ಇಳಿಸಿದ್ದಾರೆ ಎಂದು ಬಲ್ಲವರು ಒಂದೇ ನೋಟದಲ್ಲಿ ಹೇಳುತ್ತಾರೆ. ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿದ ಕೋಲ್ಟ್ ಪಿಸ್ತೂಲಿನ ಕಥೆಯೂ ಹೀಗೆಯೇ. ಆರಂಭದ ವರ್ಷಗಳ ಕೋಲ್ಟ್‌ಗಳಿಗೆ ಕನ್ನಡಿಯಂತಹ ಪಾಲಿಶ್ ಇತ್ತು. 1918ರಲ್ಲಿ ಯುದ್ಧದ ಅವಸರಕ್ಕೆ ಪಾಲಿಶ್ ಕಡಿಮೆಯಾಗಿ, ಸಂಗ್ರಹಕಾರರು ‘ಬ್ಲ್ಯಾಕ್ ಆರ್ಮಿ’ ಎಂದು ಕರೆಯುವ ಮಂಕು ಕಪ್ಪು ಬಂತು. ಆ ಲೇಪ ಚಕ್ಕೆಚಕ್ಕೆಯಾಗಿ ಏಳುವುದಕ್ಕೆ ಹೆಸರುವಾಸಿ. ಎರಡನೇ ಮಹಾಯುದ್ಧದ ಹೊತ್ತಿಗೆ ಪಾರ್ಕರೈಸಿಂಗ್ ನೆಲೆಯೂರಿತು. ಅಂದರೆ 1918ರ ಕೋಲ್ಟಿನ ಮೇಲೆ ಎದ್ದಿರುವ ಚಕ್ಕೆ ದೋಷವಲ್ಲ, ಅದು ಆ ವರ್ಷದ ಸಾಕ್ಷಿ. ಅದನ್ನು ತೆಗೆದು ನುಣುಪಾದ ಕಪ್ಪು ಕೊಟ್ಟರೆ, ಯಾವ ವರ್ಷಕ್ಕೂ ಸೇರದ ಒಂದು ವಸ್ತು ಕೈಯಲ್ಲಿ ಉಳಿಯುತ್ತದೆ.

ಇಷ್ಟಾದರೂ ಬಣ್ಣ ಹೋಗುವುದು ಅಷ್ಟು ದೊಡ್ಡ ನಷ್ಟವಲ್ಲ ಎಂದು ನಾನು ಹೇಳಿದರೆ ಓದುಗರಿಗೆ ಆಶ್ಚರ್ಯವಾದೀತು. ನಿಜವಾದ ನಷ್ಟ ಬಣ್ಣಕ್ಕೆ ಮೊದಲು ನಡೆಯುವ ಪಾಲಿಶ್‌ನಲ್ಲಿದೆ. ತುಕ್ಕು ಉಕ್ಕಿನಲ್ಲಿ ಚಿಕ್ಕಚಿಕ್ಕ ಗುಳಿಗಳನ್ನು ಕೊರೆದಿರುತ್ತದೆ, ಆ ಗುಳಿಗಳ ಮೇಲೆಯೇ ಲೇಪ ಕೊಟ್ಟರೆ ಅವು ಮೊದಲಿಗಿಂತ ಎದ್ದು ಕಾಣುತ್ತವೆ. ಆದ್ದರಿಂದ ಕೆಲಸದವನು ಮೊದಲು ಬಫ್ ಚಕ್ರಕ್ಕೆ, ಅಂದರೆ ತಿರುಗುವ ಬಟ್ಟೆಯ ಪಾಲಿಶ್ ಚಕ್ರಕ್ಕೆ, ಹಿಡಿಯುತ್ತಾನೆ. ನಮ್ಮ ಮುರಕಲ್ಲಿನ ಪಾರೆಯ ಮೇಲೆ ಅಂಗಳ ಮಾಡಿಸಿದವರಿಗೆ ಈ ಲೆಕ್ಕ ಸುಲಭವಾಗಿ ತಿಳಿಯುತ್ತದೆ: ಪಾರೆಯಲ್ಲಿರುವ ಗುಳಿ ಕಾಣದಂತೆ ಆಗಬೇಕಾದರೆ ಒಂದೋ ಗುಳಿಯನ್ನು ತುಂಬಬೇಕು, ಇಲ್ಲವೇ ಸುತ್ತಲಿನ ಪಾರೆಯನ್ನೆಲ್ಲ ಗುಳಿಯ ತಳದ ಮಟ್ಟಕ್ಕೆ ಕಡಿದು ಇಳಿಸಬೇಕು. ಉಕ್ಕಿನ ಗುಳಿಯನ್ನು ತುಂಬಲು ವೆಲ್ಡಿಂಗ್ ಮಾಡಿದರೆ ಆ ಬಿಸಿಗೆ ಉಕ್ಕಿನ ಗಡಸುತನವೇ ಕೆಟ್ಟುಹೋಗಬಹುದು. ಹಾಗಾಗಿ ಸುತ್ತಲಿನ ಉಕ್ಕನ್ನೇ ಇಳಿಸುತ್ತಾರೆ. ಹೀಗೆ ಇಳಿಯುವ ಉಕ್ಕಿನ ಮೇಲೆಯೇ ತಯಾರಕನ ಹೆಸರು, ಕ್ರಮಸಂಖ್ಯೆ, ಪರೀಕ್ಷೆಯ ಮುದ್ರೆ, ಸೇನೆಯ ಗುರುತು, ವರ್ಷ ಎಲ್ಲವೂ ಇರುತ್ತವೆ. ಲೇಪ ಹೋದರೆ ಅದೇ ಪದ್ಧತಿಯಲ್ಲಿ ಮತ್ತೆ ಕೊಡಬಹುದೆಂದು ವಾದಕ್ಕಾದರೂ ಹೇಳಬಹುದು. ಚಕ್ರಕ್ಕೆ ಸವೆದು ಹೋದ ಮುದ್ರೆಯನ್ನು ಮರಳಿ ತರಲು ಯಾವ ದಾರಿಯೂ ಇಲ್ಲ, ಅದನ್ನು ಹೊಸದಾಗಿ ಒತ್ತಿದರೆ ನಕಲಿ ಮುದ್ರೆಯಾಗುತ್ತದೆ.

ಸಂಗ್ರಹಕಾರನು ಪಿಸ್ತೂಲನ್ನು ಕೈಗೆತ್ತಿಕೊಂಡಾಗ ನೋಡುವ ರೀತಿಯೇ ಬೇರೆ. ದೂರದಿಂದ ಮೆಚ್ಚುವುದಿಲ್ಲ, ಕಿಟಕಿಯ ಬಳಿ ನಿಂತು, ಓರೆಯಾಗಿ ಬೀಳುವ ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಅಕ್ಷರಗಳ ಅಂಚನ್ನು ನೋಡುತ್ತಾನೆ. ಮೂಲ ಮುದ್ರೆಯ ಅಂಚು ಚೂಪಾಗಿರುತ್ತದೆ, ಬೆರಳ ತುದಿಗೆ ಸ್ವಲ್ಪ ತರಿಯಾಗಿಯೇ ತಾಗುತ್ತದೆ. ಬಫ್ ಆದ ಮುದ್ರೆಯ ಅಂಚು ಬಾಯಲ್ಲಿಟ್ಟು ಚೀಪಿದ ಕಲ್ಲುಸಕ್ಕರೆಯಂತೆ ಕರಗಿರುತ್ತದೆ. ತಿರುಪಿನ ರಂಧ್ರಗಳ ಬಾಯಿಯನ್ನು ನೋಡುತ್ತಾನೆ: ಚಕ್ರದ ಬಟ್ಟೆ ರಂಧ್ರದೊಳಕ್ಕೆ ಇಳಿದು ಅಂಚನ್ನು ತಿನ್ನುವುದರಿಂದ ರಂಧ್ರದ ಸುತ್ತ ಸಣ್ಣ ತಟ್ಟೆಯಂತಹ ತಗ್ಗು ಆಗಿರುತ್ತದೆ. ಚಪ್ಪಟೆಯಾಗಿರಬೇಕಾದ ಬದಿಗಳಲ್ಲಿ ಬೆಳಕಿನ ಗೆರೆ ನೀರಿನ ಮೇಲಿನಂತೆ ಅಲುಗುತ್ತದೆಯೋ ಎಂದು ಪರೀಕ್ಷಿಸುತ್ತಾನೆ. ಗುಳಿಯ ತಳದಲ್ಲಿ ಕಪ್ಪು ಬಣ್ಣವಿದೆಯೋ ಎಂದು ಹುಡುಕುತ್ತಾನೆ. ಏಕೆಂದರೆ ಲೇಪ ಮೊದಲು, ತುಕ್ಕು ಆಮೇಲೆ ಆಗಿದ್ದರೆ ಗುಳಿಯ ತಳ ಕಂದಾಗಿರಬೇಕು. ಗುಳಿಯೊಳಗೂ ಸಮನಾದ ಕಪ್ಪು ಇದ್ದರೆ ಲೇಪ ತುಕ್ಕಿನ ಬಳಿಕ ಬಂದದ್ದು. ಸವೆತ ಕೂಡ ನ್ಯಾಯವಾದ ಜಾಗದಲ್ಲಿರಬೇಕು. ಚರ್ಮದ ಹೋಲ್‌ಸ್ಟರಿಗೆ ಹಾಕಿ ತೆಗೆದು ನಳಿಗೆಯ ತುದಿಯಲ್ಲಿ, ಕೈ ಹಿಡಿಯುವ ಹಿಂಭಾಗದಲ್ಲಿ ಬಣ್ಣ ಸವೆದಿದ್ದರೆ ಅದು ಸೈನಿಕನ ದಿನಗಳ ಗುರುತು. ಈ ನೋಟವನ್ನು ಕಲಿತ ಮೇಲೆ ಹೊಸದಾಗಿ ಹೊಳೆಯುವ ಹಳೆಯ ಪಿಸ್ತೂಲು ಕಣ್ಣಿಗೆ ಚೆಂದ ಕಾಣುವುದೇ ಇಲ್ಲ, ನನ್ನ ಮಟ್ಟಿಗಂತೂ ಹಾಗಾಗಿದೆ.

ಬೆಲೆಯ ಲೆಕ್ಕಾಚಾರ ಮುಖ್ಯವಾಗಿ ರೂಪುಗೊಂಡದ್ದು ಅಮೆರಿಕ ಮತ್ತು ಯೂರೋಪಿನ ಹರಾಜು ಕಟ್ಟೆಗಳಲ್ಲಿ. ಅಲ್ಲಿ ಮೂಲ ಲೇಪ ಶೇಕಡಾ ಎಷ್ಟು ಉಳಿದಿದೆ ಎಂದು ಅಂದಾಜಿಸಿ ದರ್ಜೆ ಕಟ್ಟುತ್ತಾರೆ. ಶೇ. 95 ಉಳಿದಿರುವುದಕ್ಕೂ ಶೇ. 60 ಉಳಿದಿರುವುದಕ್ಕೂ ಬೆಲೆಯಲ್ಲಿ ಬಹಳ ಅಂತರವಿದೆ, ಆದರೆ ಆ ಶೇ. 60ರದ್ದಕ್ಕೂ ಮರುಲೇಪವಾಗಿ ಪೂರ್ತಿ ಹೊಳೆಯುವುದಕ್ಕೂ ನಡುವಿನ ಅಂತರ ಅದಕ್ಕಿಂತ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಮರುಲೇಪವಾದದ್ದು ಆ ಏಣಿಯಿಂದಲೇ ಕೆಳಗಿಳಿದು ಗುರಿ ಅಭ್ಯಾಸಕ್ಕೆ ಆಗುವ ಸಾಮಾನ್ಯ ಪಿಸ್ತೂಲುಗಳ ಸಾಲಿಗೆ ಸೇರುತ್ತದೆ. ವಸ್ತು ಎಷ್ಟು ವಿರಳವೋ ಪೆಟ್ಟು ಅಷ್ಟು ದೊಡ್ಡದು. ನಮ್ಮ ಮನೆಗಳಲ್ಲಿ ಅಮ್ಮಂದಿರು ತುಳಿಯುತ್ತಿದ್ದ ಸಿಂಗರ್ ಹೊಲಿಗೆ ಯಂತ್ರದ ಕಂಪೆನಿ 1941ರಲ್ಲಿ ಅಮೆರಿಕದ ಸೇನೆಗಾಗಿ ಪರೀಕ್ಷಾರ್ಥವಾಗಿ ಕೋಲ್ಟ್ ಮಾದರಿಯ 500 ಪಿಸ್ತೂಲುಗಳನ್ನು ಮಾಡಿಕೊಟ್ಟಿತು, ಅಷ್ಟಕ್ಕೇ ನಿಂತಿತು. ಟೈಪ್‌ರೈಟರ್‌ಗಳಿಂದ ಹೆಸರಾದ ರೆಮಿಂಗ್ಟನ್ ರ‍್ಯಾಂಡ್ ಕಂಪೆನಿ ಅದೇ ಮಾದರಿಯ ಪಿಸ್ತೂಲುಗಳನ್ನು ಎಂಟು ಲಕ್ಷಕ್ಕೂ ಹೆಚ್ಚು ಮಾಡಿತು. ಒಂದೇ ವಿನ್ಯಾಸ, ಒಂದೇ ತೋಟಾ. ಆದರೂ 2017ರಲ್ಲಿ ಸಿಂಗರಿನ ಒಂದು ಪಿಸ್ತೂಲು ಅಮೆರಿಕದ ಹರಾಜಿನಲ್ಲಿ ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು. ಆ 500ರಲ್ಲಿ ಒಂದನ್ನು ಯಾರಾದರೂ ಚೆಂದ ಮಾಡಲು ಹೋಗಿ ಬಫ್ ಚಕ್ರಕ್ಕೆ ಹಿಡಿದಿದ್ದರೆ, ಲಕ್ಷಗಟ್ಟಲೆ ಡಾಲರುಗಳನ್ನು ಪುಡಿ ಮಾಡಿ ನೆಲಕ್ಕೆ ಉದುರಿಸಿದಂತೆಯೇ.

ಹಾಗೆಂದು ಎಲ್ಲ ಮರುಲೇಪವೂ ದೋಷವಲ್ಲ. ಸೇನೆಯೇ ತನ್ನ ಆಯುಧಾಗಾರದಲ್ಲಿ ಮಾಡಿಸಿದ ಮರುಲೇಪ ಆ ಆಯುಧದ ಇತಿಹಾಸದ್ದೇ ಒಂದು ಪುಟ. ಯುದ್ಧದ ಬಳಿಕ ಅಮೆರಿಕದ ಆಗಸ್ಟಾ, ರಾಕ್ ಐಲೆಂಡ್ ಮುಂತಾದ ಆಯುಧಾಗಾರಗಳಲ್ಲಿ ಸಾವಿರಾರು ಕೋಲ್ಟ್ ಮಾದರಿಯ ಪಿಸ್ತೂಲುಗಳನ್ನು ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಪಾರ್ಕರೈಸ್ ಮಾಡಿ, ಆಯುಧಾಗಾರದ ಮೊದಲಕ್ಷರಗಳನ್ನು ಒತ್ತಿ ಕಳುಹಿಸಿದ್ದರು. ಕಾರ್ಖಾನೆಯಿಂದ ಬಂದಂತೆಯೇ ಉಳಿದದ್ದರಷ್ಟು ಬೆಲೆ ಅವಕ್ಕಿಲ್ಲ, ಆದರೆ ಅವನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ. ಬ್ರಿಟಿಷರು 1932ರಲ್ಲಿ ಸೇನೆಗೆ ತಂದ ಎನ್‌ಫೀಲ್ಡ್ ರಿವಾಲ್ವರ್‌ಗಳಲ್ಲಿ ಹಲವಕ್ಕೆ ದುರಸ್ತಿಯ ಕಾಲದಲ್ಲಿ ದಪ್ಪ ಕಪ್ಪು ಪೇಂಟ್ ಬಳಿದಿದ್ದಾರೆ. ಅದನ್ನು ಕಂಡು ‘ಯಾರೋ ಪೇಂಟ್ ಬಳಿದು ಹಾಳು ಮಾಡಿದ್ದಾರೆ’ ಎಂದು ಕೆರೆದು ತೆಗೆದವರು ಸೇನೆಯ ಲೇಪವನ್ನೇ ಕಳೆದುಕೊಂಡಿದ್ದಾರೆ. ಇನ್ನು, ಮೊದಲೇ ಖಾಸಗಿಯಾಗಿ ಮರುಲೇಪವಾಗಿ, ಮುದ್ರೆಗಳು ಅಳಿದು, ಸಂಗ್ರಹಯೋಗ್ಯತೆ ಹೋಗಿರುವ ಆಯುಧಕ್ಕೆ ಮತ್ತೊಮ್ಮೆ ಲೇಪ ಕೊಡಿಸಿದರೆ ಬೆಲೆಯ ದೃಷ್ಟಿಯಿಂದ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ, ತುಕ್ಕು ತಡೆಯಲು ಅದು ಒಳ್ಳೆಯದೇ.

ನಮ್ಮ ಕರಾವಳಿಯಲ್ಲಿ ಮರುಲೇಪವೆಂದರೆ ಹೆಚ್ಚಾಗಿ ನಿಕ್ಕಲ್ ಮಾಡಿಸುವುದು. ನಿಕ್ಕಲ್, ಕ್ರೋಮ್ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ: ಪದರದಲ್ಲಿ ಒಂದು ಸೂಜಿಮೊನೆಯಷ್ಟು ತೂತು ಬಿದ್ದರೂ ಉಪ್ಪುಗಾಳಿ ಅದರ ಮೂಲಕ ಇಳಿದು ಒಳಗಿನಿಂದಲೇ ತಿನ್ನುತ್ತದೆ, ಮೇಲಿನ ಪದರ ಹಪ್ಪಳದಂತೆ ಏಳುವವರೆಗೆ ಹೊರಗೆ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಹೆಚ್ಚು ಅಪಾಯದ ಸಂಗತಿಯೊಂದನ್ನು ನನ್ನ ಕಸುಬಿನ ಅನುಭವದಿಂದ ಹೇಳಬೇಕು. ಲೇಪನದ ತೊಟ್ಟಿಯಲ್ಲಿ ವಿದ್ಯುತ್ ಹರಿಯುವಾಗ ಜಲಜನಕ ಉತ್ಪತ್ತಿಯಾಗಿ ಗಡಸು ಉಕ್ಕಿನೊಳಕ್ಕೆ ನುಸುಳುತ್ತದೆ. ಬಳಿಕ ಸರಿಯಾಗಿ ಕಾಯಿಸಿ ಅದನ್ನು ಹೊರಹಾಕದಿದ್ದರೆ ಸ್ಪ್ರಿಂಗ್‌ಗಳು ಒಂದು ದಿನ ಗಾಜಿನಂತೆ ಮುರಿಯುತ್ತವೆ.

ಜೋಡಿನಳಿಗೆಯ ಕೋವಿಗಳಿಗೆ ಬಿಸಿ ಲವಣದ ತೊಟ್ಟಿಯೇ ಶತ್ರು. ಬೆಳ್ಮಣ್ ಕಡೆಯ ಪರಿಚಿತರೊಬ್ಬರು ತಮ್ಮ ತಂದೆಯ ಕಾಲದ ಕೋವಿಯನ್ನು ಎಲ್ಲೋ ಕೊಟ್ಟು ಹೊಸ ಕಪ್ಪು ಹಾಕಿಸಿ ತಂದರು. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಬೆಸೆದಿರುವುದು ಮೆದು ಬೆಸುಗೆಯಿಂದ. ಆ ಬೆಸುಗೆಯ ಸೀಸವನ್ನೂ ತವರವನ್ನೂ ಕಾಸ್ಟಿಕ್ ಸೋಡಾ ಕರಗಿಸುತ್ತದೆ, ಸಂದಿಯಲ್ಲಿ ಉಳಿದ ದ್ರಾವಣ ತಿಂಗಳುಗಟ್ಟಲೆ ಒಳಗೇ ಕೆಲಸ ಮಾಡುತ್ತಿರುತ್ತದೆ. ಮಳೆಗಾಲ ಕಳೆದು ಅವರು ಕೋವಿಯನ್ನು ನನಗೆ ತೋರಿಸಿದಾಗ, ನಳಿಗೆಯನ್ನು ಬಿಚ್ಚಿ, ದಾರದಲ್ಲಿ ತೂಗುಹಾಕಿ ಬೆರಳಿನಿಂದ ತಟ್ಟಿದೆವು. ಬೆಸುಗೆ ಗಟ್ಟಿಯಾಗಿರುವ ನಳಿಗೆ ದೇವಸ್ಥಾನದ ಗಂಟೆಯಂತೆ ನಾದ ಕೊಡುತ್ತದೆ. ಇದು ಒಡೆದ ಮಡಕೆಯಂತೆ ‘ಡಬ್’ ಎಂದಿತು. ಆ ಕೋವಿಯಿಂದ ಮತ್ತೆ ಈಡು ಹಾರಿಸುವ ಧೈರ್ಯ ಅವರಿಗೆ ಬರಲಿಲ್ಲ, ಬರಬಾರದು ಕೂಡ.

ಭಾರತದಲ್ಲಿ ಈ ವಿಷಯಕ್ಕೆ ಕಾನೂನಿನ ಮುಖವೂ ಇದೆ, ಅದನ್ನು ಬಿಟ್ಟು ಬೆಲೆಯ ಮಾತಾಡುವಂತಿಲ್ಲ. 1959ರ ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಬಂದೂಕಿನ ಮೇಲಿರುವ ಹೆಸರು, ಸಂಖ್ಯೆ ಅಥವಾ ಬೇರಾವುದೇ ಗುರುತನ್ನು ಅಳಿಸುವುದು, ತೆಗೆಯುವುದು, ತಿದ್ದುವುದು, ನಕಲು ಮಾಡುವುದು ನಿಷಿದ್ಧ. ಗುರುತಿಲ್ಲದ ಬಂದೂಕನ್ನು ಮಾರುವಂತೆಯೂ ಇಲ್ಲ. ಅಂದರೆ ಬಫ್ ಚಕ್ರ ಕ್ರಮಸಂಖ್ಯೆಯ ಮೇಲೆ ಹಾದುಹೋದರೆ ಸಂಗ್ರಹಕಾರನ ಬೇಸರವಷ್ಟೇ ಅಲ್ಲ, ಲೈಸೆನ್ಸುದಾರನ ನೆಮ್ಮದಿಯೂ ಹೋಗುತ್ತದೆ. ದುರಸ್ತಿ ಮಾಡುವವನಿಗೂ ಅದಕ್ಕೆಂದೇ ಲೈಸೆನ್ಸ್ ಇರಬೇಕು. ಬೈಕಿನ ಸೈಲೆನ್ಸರಿಗೆ ಕ್ರೋಮ್ ಹಾಕುವ ಅಂಗಡಿಗೆ ರಿವಾಲ್ವರ್ ಕೊಂಡೊಯ್ದು ಕೊಡುವುದು ಕೊಟ್ಟವನನ್ನೂ ತೆಗೆದುಕೊಂಡವನನ್ನೂ ಸಿಕ್ಕಿಹಾಕಿಸುವ ಕೆಲಸ. 2016ರ ಆಯುಧ ನಿಯಮಗಳಂತೆ .380 ಮತ್ತು .455 ತೋಟಾ, ಸೇನೆಯ 9 ಎಂಎಂ ಹಾಗೂ .45 ತೋಟಾ ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್‌ಗಳು ನಿರ್ಬಂಧಿತ ವರ್ಗಕ್ಕೆ ಸೇರುತ್ತವೆ. ಎನ್‌ಫೀಲ್ಡ್, ವೆಬ್ಲಿ, 9 ಎಂಎಂ ಲೂಗರ್, ಕೋಲ್ಟ್ ಎಲ್ಲವೂ ಆ ಪಟ್ಟಿಯೊಳಗೆ ಬರುವುದರಿಂದ ಅವುಗಳ ಲೈಸೆನ್ಸ್ ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ಮುಗಿಯುವುದಿಲ್ಲ, ಕೇಂದ್ರ ಸರಕಾರದವರೆಗೆ ಹೋಗಬೇಕು. ನೂರು ವರ್ಷ ದಾಟಿದ ಆಯುಧಕ್ಕೆ ಲೈಸೆನ್ಸೇ ಬೇಡ ಎಂದು ನಂಬಿದವರು ನಮ್ಮಲ್ಲಿ ಹಲವರಿದ್ದಾರೆ. ಅದು ತಪ್ಪು. ಹಳೆಯ ಕಾಲದ್ದೆಂಬ ವಿನಾಯಿತಿ ಸಿಗುವುದು ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಸ್ಥಿತಿಯಲ್ಲಿರುವ ಆಯುಧಕ್ಕೆ ಮಾತ್ರ. ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಸಾಗಿಸಲು 1972ರ ಪ್ರಾಚ್ಯವಸ್ತು ಕಾಯ್ದೆಯ ಅಡ್ಡಿಯೂ ಇದೆ. ಹೀಗಾಗಿ ಅಮೆರಿಕದ ಹರಾಜಿನ ದರವನ್ನು ಡಾಲರಿನಿಂದ ರೂಪಾಯಿಗೆ ಗುಣಿಸಿ ಕಾಪುವಿನ ಕಪಾಟಿನ ಬೆಲೆ ಹೇಳುವುದು ಸಾಧ್ಯವಿಲ್ಲ. ಇಲ್ಲಿ ಮಾರಾಟ ನಡೆದರೂ ಲೈಸೆನ್ಸ್ ಇರುವ ಕೆಲವೇ ಮಂದಿಯ ನಡುವೆ, ಅನುಮತಿಯ ಮೂಲಕ ನಡೆಯಬೇಕು. ಆಗ ಕಾಗದ ಮತ್ತು ಉಕ್ಕಿನ ಮೇಲಿನ ಗುರುತು ಒಂದಕ್ಕೊಂದು ಹೊಂದುವುದೇ ಬೆಲೆಯ ಅಡಿಪಾಯ.

ಹಾಗಾದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಆಟಿ ತಿಂಗಳಲ್ಲಿ ಗೋಡೆಯೂ ಬೆವರುವ ಈ ಊರಿನಲ್ಲಿ ಏನು ಮಾಡಬೇಕು? ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ಚರ್ಮದ ಹೋಲ್‌ಸ್ಟರಿನೊಳಗೆ ಆಯುಧವನ್ನು ಇಟ್ಟುಬಿಡಬಾರದು. ಚರ್ಮ ಹದ ಮಾಡಲು ಬಳಸಿದ ಆಮ್ಲ ಮತ್ತು ಚರ್ಮ ಹೀರಿದ ತೇವ ಎರಡೂ ಸೇರಿ ಉಕ್ಕನ್ನು ತಿನ್ನುತ್ತವೆ. ತೆಂಗಿನೆಣ್ಣೆ ಹಚ್ಚಬಾರದು. ಕೈಗೆಟುಕುವ ಎಣ್ಣೆ ಅದೇ ಆದರೂ ಕಾಲ ಕಳೆದಂತೆ ಕಮಟಾಗಿ ಆಮ್ಲವನ್ನು ಬಿಡುತ್ತದೆ, ಯಂತ್ರದ ಸಂದಿಗಳಲ್ಲಿ ಅಂಟಾಗಿ ಕೂರುತ್ತದೆ. ಆಯುಧಪೂಜೆಯ ದಿನ ನೀರಿನಲ್ಲಿ ತೇದ ಗಂಧ, ಕುಂಕುಮವನ್ನು ನೇರವಾಗಿ ಉಕ್ಕಿನ ಮೇಲೆ ಇಡುವ ಬದಲು ಆಯುಧದ ಪೆಟ್ಟಿಗೆಗೆ ಇಟ್ಟರೆ ಪೂಜೆಗೆ ಯಾವ ಕೊರತೆಯೂ ಆಗುವುದಿಲ್ಲ. ಭಾವನ ರಿವಾಲ್ವರಿನ ನಳಿಗೆಯ ಮೇಲೆ ಸಾಲಾಗಿ ಎದ್ದ ಚುಕ್ಕೆಗಳಲ್ಲಿ ಒಂದು ಸರಿಯಾಗಿ ಬೆರಳ ತುದಿಯ ಗಾತ್ರದ ಬೊಟ್ಟಿನ ಆಕಾರದಲ್ಲಿಯೇ ಇತ್ತು.

ಮಾಡಬೇಕಾದದ್ದು ಸರಳ. ತೋಟಾ ಇಲ್ಲವೆಂದು ಎರಡು ಸಲ ನೋಡಿಕೊಂಡು, ಹೊಲಿಗೆ ಯಂತ್ರಕ್ಕೆ ಹಾಕುವಂತಹ ತಿಳಿಯಾದ ಖನಿಜ ಎಣ್ಣೆಯನ್ನು ಹತ್ತಿಬಟ್ಟೆಯಲ್ಲಿ ತೆಗೆದುಕೊಂಡು ಉಕ್ಕನ್ನು ಒರೆಸಬೇಕು. ಮರದ ಹಿಡಿಕೆಗೆ ಎಣ್ಣೆ ಇಳಿಯದಂತೆ ನೋಡಿಕೊಳ್ಳಬೇಕು. ಕೆಂಪು ತುಕ್ಕು ಎದ್ದ ಕಡೆ ಒಂದು ತೊಟ್ಟು ಎಣ್ಣೆ ಹಾಕಿ ಒಂದು ದಿನ ನೆನೆಯಲು ಬಿಟ್ಟು, ಹಳೆಯ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲನೆ ಉಜ್ಜಿದರೆ ತುಕ್ಕು ಏಳುತ್ತದೆ. ತಾಮ್ರ ಉಕ್ಕಿಗಿಂತ ಮೆದುವಾದ್ದರಿಂದ ಕೆಳಗಿನ ಉಕ್ಕಿಗೆ ಗೀರು ಬೀಳುವುದಿಲ್ಲ, ಸುತ್ತಲಿನ ಕಪ್ಪೂ ಉಳಿಯುತ್ತದೆ. ಉಪ್ಪುಕಾಗದ, ಬ್ರಾಸೋ, ಬೂದಿ, ಹುಳಿ ಯಾವುದೂ ಹತ್ತಿರ ಸುಳಿಯಬಾರದು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ, ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ರೆನೆಸಾನ್ಸ್ ಎಂಬ ಮೇಣ ಸಿಕ್ಕಿದರೆ ಎಣ್ಣೆಯ ಬದಲು ಅದನ್ನು ತೆಳ್ಳಗೆ ಹಚ್ಚಬಹುದು. ಬೆರಳಿನ ಬೆವರಿನ ಉಪ್ಪು ಅದನ್ನು ದಾಟಿ ಇಳಿಯುವುದು ಕಷ್ಟ. ಕಪಾಟಿನೊಳಗೆ ಸಿಲಿಕಾ ಜೆಲ್ ಇಟ್ಟು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕಾದರೆ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಕೊಡುವುದು ಒಳ್ಳೆಯದು, ಎಷ್ಟು ವಾರ ಅಲ್ಲಿರಬೇಕೋ ಹೇಳಲಾಗುವುದಿಲ್ಲ.

ಆ ದಿನ ಮಧ್ಯಾಹ್ನ ನಾನು ಮತ್ತು ಭಾವ ಚಾವಡಿಯ ಕಿಟಕಿಯ ಬಳಿ ಕುಳಿತು ವೆಬ್ಲಿಯನ್ನು ಒರೆಸಿದೆವು. 1915ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಆರನೇ ಮಾರ್ಕಿನ, ಅಂದರೆ ಆರನೇ ಮಾದರಿಯ, ರಿವಾಲ್ವರ್ ಅದು, ಒಂದು ಕಿಲೋಗ್ರಾಮಿಗೂ ಮಿಕ್ಕಿದ ತೂಕ. ಎಣ್ಣೆಬಟ್ಟೆಗೆ ಮೊದಲು ಬಂದದ್ದು ಕಂದು ಕೊಳೆ, ಬಳಿಕ 1917 ಎಂಬ ಅಂಕೆ ಕಂಡಿತು, ಅದರ ಬಳಿ ಬರ್ಮಿಂಗ್‌ಹ್ಯಾಮಿನ ಕಂಪೆನಿಯ ಹೆಸರು. ನಳಿಗೆಯ ಸಂಖ್ಯೆ, ತಿರುಗುವ ಸಿಲಿಂಡರಿನ ಸಂಖ್ಯೆ, ಚೌಕಟ್ಟಿನ ಸಂಖ್ಯೆ ಮೂರೂ ಒಂದೇ ಇದ್ದವು. ಲೈಸೆನ್ಸ್ ಪುಸ್ತಕದಲ್ಲಿ ಇದ್ದದ್ದೂ ಅದೇ. ಭೂತಗನ್ನಡಿ ಹಿಡಿದು ಇನ್ನಷ್ಟು ಹುಡುಕಿದಾಗ ಭತ್ತದ ಕಾಳಿನಷ್ಟು ಚಿಕ್ಕದಾದ ಒಂದು ಗುರುತು ಸಿಕ್ಕಿತು: ಎರಡು ಬಾಣಗಳು, ಮೊನೆಗೆ ಮೊನೆ ತಾಗುವಂತೆ ಎದುರುಬದುರು. ಒಂಟಿ ಬಾಣವಿದ್ದರೆ ಬ್ರಿಟಿಷ್ ಸರಕಾರದ ಸೊತ್ತು ಎಂದರ್ಥ, ಹೀಗೆ ಎರಡು ಬಾಣ ಎದುರಾಗಿದ್ದರೆ ಸರಕಾರ ಅದನ್ನು ಸೇವೆಯಿಂದ ಬಿಡುಗಡೆ ಮಾಡಿ ಮಾರಿದೆ ಎಂದರ್ಥ. ಅಜ್ಜ ಕ್ರಮಬದ್ಧವಾಗಿ ಪಡೆದದ್ದು ಎಂದು ಮನೆಯವರು ಮೂರು ತಲೆಮಾರಿನಿಂದ ಹೇಳುತ್ತಾ ಬಂದ ಮಾತಿಗೆ ಉಕ್ಕಿನ ಮೇಲೆ ಉಳಿದಿದ್ದ ಸಾಕ್ಷಿ ಅದೊಂದೇ. ಅದರ ಆಳ ಉಗುರಿನ ತುದಿಗೆ ತಾಗಿಯೂ ತಾಗದ ಹಾಗಿತ್ತು, ಪಾಲಿಶ್ ಚಕ್ರಕ್ಕೆ ಅರ್ಧ ನಿಮಿಷದ ಕೆಲಸ. ಭಾವ ಕನ್ನಡಿಯನ್ನು ಬಹಳ ಹೊತ್ತು ಅದರ ಮೇಲೆಯೇ ಹಿಡಿದಿದ್ದರು. ಬಳಿಕ ಮಗಳನ್ನು ಕರೆದು ಎಲ್ಲ ಗುರುತುಗಳ ಫೋಟೊ ತೆಗೆಸಿದರು, ಸಂಖ್ಯೆಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆಸಿ ಅದನ್ನು ಲೈಸೆನ್ಸಿನ ಜೊತೆ ಇಟ್ಟರು, ಹೋಲ್‌ಸ್ಟರನ್ನು ಬೇರೆ ಕಪಾಟಿಗೆ ಹಾಕಿದರು.